ಮಗ್ಗದ ಮನೆಗೆ ಮೂವತ್ತೈದೋ, ಐವತ್ತೋ?

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಾತಾಡಬೇಕೆಂದರೆ ಸ್ವಲ್ಪ ಕೂಗಲೇಬೇಕು. ಅಷ್ಟು ಮಗ್ಗಗಳ ಸದ್ದು. ನಮ್ಮ ಮನೆ ಹಿಂದೆಯೂ ನಾಲ್ಕು ಮಗ್ಗಗಳಿದ್ದವು. ದೀಪಾವಳಿ ಕಳೆದ ಮೇಲೆ ಅದರಲ್ಲಿ ಎರಡನ್ನು ಮಾರುವುದೆಂದು ಅಪ್ಪ ತೀರ್ಮಾನಿಸಿದಾಗ, ಅವು ಓಡುತ್ತಿರುವಾಗಲೇ ಒಂದು ಒಳ್ಳೆಯ ಫೋಟೊ ತೆಗೆದಿಡಬೇಕು ಅನ್ನಿಸಿತು.

ಕ್ಯಾಮೆರಾ ಇತ್ತು. ಚಿಕ್ಕಪ್ಪನ ಮಗ ಕೊಟ್ಟ ಹಳೆಯ ನಿಕಾನ್ ಡಿ3400, ಜೊತೆಗೇ ಬಂದ 18–55 ಲೆನ್ಸ್. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಗಲು ಹೊತ್ತು ಅದರಲ್ಲೇ ಚೆಂದದ ಹೋರಿಗಳನ್ನು ಸೆರೆಹಿಡಿದಿದ್ದೆ. ಆದರೆ ಮಗ್ಗದ ಕೋಣೆಯಲ್ಲಿರುವುದು ಎರಡೇ ಟ್ಯೂಬ್‌ಲೈಟ್. ಜೂಮ್ ಪೂರ್ತಿ ಎಳೆದರೆ ಆ ಲೆನ್ಸಿನ ಕಿಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಶಟರ್ 1/10 ಸೆಕೆಂಡಿಗೆ ಇಳಿದು ಅಪ್ಪನ ಕೈ ಹೊಗೆಯಂತೆ ಬಂತು. ಲೆನ್ಸಿನ ವಿಆರ್ ನಮ್ಮ ಕೈನಡುಕ ತಡೆಯುತ್ತದೆಯೇ ಹೊರತು ನೇಯುವವರ ಕೈಯನ್ನಲ್ಲ. ಐಎಸ್‌ಒ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳುಕಾಳು.

ಎಫ್/1.8ರ ಪ್ರೈಮ್ ಲೆನ್ಸ್ ಬೇಕು ಎಂದು ಆಗ ಗೊತ್ತಾಯಿತು. ಇದಕ್ಕೆ ಜೂಮ್ ಇರುವುದಿಲ್ಲ, ಕಿಂಡಿ ಮಾತ್ರ ದೊಡ್ಡದು. 5.6ನ್ನು 1.8ರಿಂದ ಭಾಗಿಸಿದರೆ ಸುಮಾರು ಮೂರು. ವೃತ್ತದ ವಿಸ್ತೀರ್ಣವಲ್ಲವೇ, ವರ್ಗ ಮಾಡಿ. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು! 1/10 ಇದ್ದದ್ದು 1/100 ಆಗುತ್ತದೆ. ಮ್ಯಾಥ್ಸ್ ಹೀಗೆ ಉಪಯೋಗಕ್ಕೆ ಬಂದದ್ದು ಎಂಜಿನಿಯರಿಂಗ್ ಸೇರಿದ ಮೇಲೆ ಇದೇ ಮೊದಲು.

ಎಲ್ಲರೂ ಹೇಳಿದ್ದು '50 ಎಂಎಂ ತಗೋ' ಎಂದೇ. ನಾನು ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿದೆ. ಇದ್ದ ಲೆನ್ಸನ್ನೇ 50ರ ಆಸುಪಾಸಿಗೆ ತಿರುಗಿಸಿ ಟೇಪ್ ಸುತ್ತಿ ಒಂದು ವಾರ, 35ಕ್ಕೆ ಸುತ್ತಿ ಇನ್ನೊಂದು ವಾರ ಓಡಾಡಿದೆ. ನಮ್ಮಂಥ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು. ನಿಕಾನ್‌ನಲ್ಲಿ 1.5 ಪಟ್ಟು ಲೆಕ್ಕ ಹಾಕಿದರೆ 50 ಎಂಬುದು 75ರಂತೆ ಕಾಣುತ್ತದೆ. ಮುಖ ತೆಗೆಯಲು ಸೊಗಸು. ಆದರೆ ಮಗ್ಗದ ಕೋಣೆಯಲ್ಲಿ ಎರಡು ಹೆಜ್ಜೆ ಹಿಂದಿಟ್ಟರೆ ಗೋಡೆ. ಅಪ್ಪ ಬಂದರೆ ಮಗ್ಗವಿಲ್ಲ, ಮಗ್ಗ ಬಂದರೆ ಅಪ್ಪನಿಲ್ಲ. 35ರಲ್ಲಿ ಇಬ್ಬರೂ ಹಿಡಿದರು. ಅಲ್ಲಿಗೆ ತೀರ್ಮಾನವಾಯಿತು. ಟೇಪಿಗೆ ಖರ್ಚಾದದ್ದು ಇಪ್ಪತ್ತು ರೂಪಾಯಿ.

ಕ್ಯಾನನ್ ಇರುವವರಿಗೆ 2015ರಲ್ಲಿ ಬಂದ 50 ಎಂಎಂ ಎಫ್/1.8 ಎಸ್‌ಟಿಎಂ ಅಗ್ಗದ್ದು, ತೂಕ ಬರೀ 160 ಗ್ರಾಂ. ಅಲ್ಲಿ ಲೆಕ್ಕ 1.6 ಪಟ್ಟು, ಅಂದರೆ 80. ಇಕ್ಕಟ್ಟಿನ ಮನೆಗೆ 24 ಎಂಎಂ ಎಫ್/2.8 ಸಿಗುತ್ತದೆ, ಬೆಳಕು ಮಾತ್ರ ಕಡಿಮೆ.

ನಿಕಾನ್ ಕೊಳ್ಳುವವರು ಹೆಸರಿನ ಕೊನೆಯ ಅಕ್ಷರ ನೋಡಿ. ನನ್ನ ಗೆಳೆಯನೊಬ್ಬ ಅಗ್ಗಕ್ಕೆ ಸಿಕ್ಕಿತೆಂದು 50 ಎಂಎಂ ಎಫ್/1.8ಡಿ ತಂದ. ಅದರೊಳಗೆ ಮೋಟಾರಿಲ್ಲ, ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲೂ ಇಲ್ಲ. ಈಗ ಅವನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡುತ್ತಾನೆ, ನಾವು ನಗುತ್ತಾ ಕಾಯುತ್ತೇವೆ. 'ಎಎಫ್-ಎಸ್' ಎಂದಿದ್ದರೆ ಈ ತಾಪತ್ರಯವಿಲ್ಲ.

ಹತ್ತನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಹಿಡಿದು ಯಶವಂತಪುರದ ರೈಲು ಹತ್ತಿದೆ. ಸೆಕೆಂಡ್‌ಹ್ಯಾಂಡ್ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಬೂಸ್ಟು ಹಿಡಿದಿದೆಯೇ ನೋಡಿ, ನನ್ನ ಕ್ಯಾಮೆರಾಗೇ ಸಿಕ್ಕಿಸಿ ಹತ್ತಾರು ಫೋಟೊ ತೆಗೆದು, ಆಮೇಲೆ ದುಡ್ಡು ಎಣಿಸಿದೆ. ಮನೆಗೆ ಬಂದರೆ ಅಪ್ಪ, "ದುಡ್ ಕೊಟ್ಟು ಜೂಮೇ ಇಲ್ದಿರೋದ್ ತಂದಿದೀಯಲ್ಲೋ!"

ಮೊದಲ ದಿನ ಎಫ್/1.8ರಲ್ಲೇ ತೆಗೆದು ಕೆಟ್ಟೆ. ಹತ್ತಿರ ಹೋದರೆ ಅಪ್ಪನ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಎಫ್/2.8ಕ್ಕೆ ತಂದು ಐಎಸ್‌ಒ ತುಸು ಏರಿಸಿದ ಮೇಲೆ ಸರಿಹೋಯಿತು. ಶಟರ್ 1/500 ಇಟ್ಟಾಗ ಚಿತ್ರಕ್ಕೆ ಅಡ್ಡಪಟ್ಟೆ ಬಂತು. ನಮ್ಮ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಹಾಗಾಗಿ 1/100ಕ್ಕೇ ನಿಂತೆ. ಲಾಳಿ ಗೆರೆಯಂತೆ ಬಂದರೂ ಅಪ್ಪನ ಬೆರಳುಗಳು ನೆಟ್ಟಗೆ ಬಂದವು.

ಟೆಂಪೊ ಬಂದು ಮಗ್ಗಗಳನ್ನು ಏರಿಸಿಕೊಂಡು ಹೋದ ಸಂಜೆ ಪ್ರಿಂಟ್ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಮ್ಮ ಮುಖದ ಬಗ್ಗೆ ಒಂದು ಮಾತಿಲ್ಲ. "ಎಡಗಡೆ ಒಂದೆಳೆ ಕಿತ್ತೈತೆ ನೋಡು," ಎಂದರು, "ಅವತ್ತು ನನ್ ಕಣ್ಗೇ ಬಿದ್ದಿಲ್ಲ."