ರಜತಪಟದಲ್ಲಿ ಉಳಿದ ಒಂದು ಕಚೇರಿ

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣುವ ಹೊಳೆಗಳು ಎರಡೇ. ಗುಪ್ತವಾದ ಸ್ಫಟಿಕ ಸರೋವರವೂ ಅಲ್ಲಿ ಕೂಡುವುದೆಂಬುದು ಆಸ್ತಿಕರ ನಂಬಿಕೆ. ಕೂಡುವಿಕೆಯನ್ನೇ ಹೆಸರಾಗಿ ಪಡೆದ ಆ ಊರಿನಲ್ಲಿ 1895ರಲ್ಲಿ ಜನಿಸಿದ ಕಲಾವಿದರೊಬ್ಬರು, ತಮ್ಮ ಬಾಳಿನ ಬಹುಭಾಗವನ್ನು ಇನ್ನೊಬ್ಬರ ಗಾನಕ್ಕೆ ಜತೆಗೂಡುವುದರಲ್ಲಿಯೇ ಕಳೆದರು. ಅವರೇ ಪಿಟೀಲು ಚೌಡಯ್ಯನವರು. ತಂದೆ ಅಗಸ್ತ್ಯೇಗೌಡರ ಹೆಸರಿನಲ್ಲಿಯೂ ಸಂಗಮದ ಅಗಸ್ತ್ಯೇಶ್ವರನಿದ್ದಾನೆ. ಮಗ ರಚಿಸಿದ ಕೃತಿಗಳಲ್ಲಿ ‘ತ್ರಿಮಕುಟ’ ಎಂಬ ಅಂಕಿತವಿದೆ. ಮದರಾಸಿಗೆ ಹೋದರೂ, ಮಲೆಯಾಳದ ಊರೂರು ಸುತ್ತಿದರೂ ಹುಟ್ಟಿದೂರು ಅವರ ಹೆಸರಿನ ಮೊದಲಕ್ಷರವಾಗಿ ಜತೆಯಲ್ಲೇ ಇತ್ತು.

1910ರಲ್ಲಿ ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಹಾಡುಗಾರರು; ಶಿಷ್ಯನು ಹಿಡಿದದ್ದು ಕಮಾನು. ಕೊರಳಿನಿಂದ ಬಂದ ವಿದ್ಯೆ ಬೆರಳಿಗೆ ಇಳಿಯಬೇಕಾದ ಕಷ್ಟ ಸಾಮಾನ್ಯವಾದುದಲ್ಲ. ಆದರೆ ಗಾಯಕನು ಎಲ್ಲಿ ಉಸಿರು ನಿಲ್ಲಿಸುವನು, ಎಲ್ಲಿ ಸಾಹಿತ್ಯದ ಪದವನ್ನು ಒತ್ತಿ ಹಿಡಿಯುವನು ಎಂಬುದು ಚೌಡಯ್ಯನವರಿಗೆ ಹಾಡದೆಯೇ ತಿಳಿಯುತ್ತಿದ್ದುದಕ್ಕೆ ಆ ಶಿಕ್ಷಣವೇ ಕಾರಣವೆನ್ನಬೇಕು.

ಧ್ವನಿವರ್ಧಕವಿಲ್ಲದ ಸಭೆಗಳ ಕಾಲವದು. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಗಾಯಕರ ಕಂಠ ಕೇಳುತ್ತಿತ್ತು, ಪಿಟೀಲು ಕೇಳುತ್ತಿರಲಿಲ್ಲ. 1927ರ ಸುಮಾರಿಗೆ ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಇನ್ನೂ ಮೂರನ್ನು ಕಟ್ಟಿದರು. ಜೋಡಿ ತಂತಿಗಳ ಮೇಲೆ ಕಮಾನು ಒಮ್ಮೆಗೇ ಹಾಯ್ದಾಗ ಒಂದು ಸ್ವರಕ್ಕೆ ಇನ್ನೊಂದು ಸ್ಥಾಯಿಯ ಅದೇ ಸ್ವರ ಬೆನ್ನಾಗಿ ನಿಂತು ನಾದ ತುಂಬಿ ಬರುತ್ತಿತ್ತು. ಹೇಳುವುದು ಸುಲಭ, ನುಡಿಸುವುದೋ? ಒಂದೇ ಬೆರಳು ಎರಡು ತಂತಿಗಳನ್ನು ಒತ್ತಬೇಕು. ಕೂದಲೆಳೆಯಷ್ಟು ಜಾರಿದರೂ ಅಪಸ್ವರ ಇಮ್ಮಡಿಯಾಗಿ ಕೇಳುವುದು! ಮೂಗು ಮುರಿದವರೂ ಇದ್ದರು. ಚೌಡಯ್ಯನವರು ಏಳು ತಂತಿಗಳನ್ನು ಬಿಡಲಿಲ್ಲ.

ಈ ತುಂಬುನಾದಕ್ಕೆ ತಕ್ಕ ಕಂಠ ಪಾಲಘಾಟಿನ ಕಡೆಯ ಚೆಂಬೈ ವೈದ್ಯನಾಥ ಭಾಗವತರದು. ಕಂಚಿನ ಗಂಟೆಯಂತಹ ಶಾರೀರ. ಚೆಂಬೈ, ಚೌಡಯ್ಯ, ಮೃದಂಗಕ್ಕೆ ಪಾಲಘಾಟ್ ಮಣಿ ಅಯ್ಯರ್ — ಈ ಮೂವರು ಸೇರಿದರೆಂದರೆ ಅದೂ ಒಂದು ತ್ರಿವೇಣಿಯೇ. ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಇವರಿಗೆ ಬೇರೆ ಬೇರೆ ವರ್ಷಗಳಲ್ಲಿ ಬಂದಿತು: ಚೆಂಬೈಯವರಿಗೆ 1951ರಲ್ಲಿ, ಚೌಡಯ್ಯನವರಿಗೆ 1957ರಲ್ಲಿ, ಮಣಿ ಅಯ್ಯರವರಿಗೆ 1966ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಮೂವರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದ್ದು ಒಂದು ಕನ್ನಡ ಚಿತ್ರ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದುದು 1934ರಲ್ಲಿ. ಒಂಬತ್ತು ವರ್ಷಗಳ ಅನಂತರವೂ ಕನ್ನಡ ಚಿತ್ರೋದ್ಯಮ ಅಂಬೆಗಾಲಿನ ಕೂಸೇ ಆಗಿದ್ದಿತು. ಮೇಲೆ ಮಹಾಯುದ್ಧದ ದಿನಗಳು. ಅಂತಹ ಹೊತ್ತಿನಲ್ಲಿ ಚೌಡಯ್ಯನವರು ‘ವಾಣಿ’ ಎಂಬ ಚಿತ್ರವನ್ನು ನಿರ್ಮಿಸಲು ಮನಸ್ಸು ಮಾಡಿದರು. ಪಿಟೀಲು ವಿದ್ವಾಂಸರಿಗೇಕೆ ಈ ಸಾಹಸವೆಂದು ಯಾರಾದರೂ ಕೇಳಿಯಾರು. ನಿರ್ದೇಶನಕ್ಕೆ ರಂಗಭೂಮಿಯ ಕೆ. ಹಿರಣ್ಣಯ್ಯನವರು ಬಂದರು. ಮುಂದೆ ‘ಬೇಡರ ಕಣ್ಣಪ್ಪ’ದಲ್ಲಿ ನಾಡಿಗೇ ಪರಿಚಿತರಾದ ಪಂಢರಿಬಾಯಿಯವರು ಮೊದಲ ಬಾರಿಗೆ ತೆರೆಯ ಮೇಲೆ ಕಂಡದ್ದು 1943ರ ಈ ‘ವಾಣಿ’ಯಲ್ಲಿಯೇ. ಚೌಡಯ್ಯನವರೂ ಬಣ್ಣ ಹಚ್ಚಿದರು. ಆದರೆ ಈ ಚಿತ್ರವನ್ನು ರಸಿಕರು ಇಂದಿಗೂ ನೆನೆಯುವುದು ಕಥೆಗಾಗಿ ಅಲ್ಲ. ಅದರೊಳಗೆ ನಡೆಯುವ ಒಂದು ಕಚೇರಿಗಾಗಿ. ಚೆಂಬೈಯವರ ಗಾಯನ, ಮಣಿ ಅಯ್ಯರವರ ಮೃದಂಗ, ನಿರ್ಮಾಪಕರದೇ ಪಿಟೀಲು!

ಪಕ್ಕವಾದ್ಯದವರ ಕಲೆಯಷ್ಟು ಬೇಗ ಅಳಿಯುವಂತಹುದು ಮತ್ತೊಂದಿಲ್ಲ. ಗಾಯಕನ ಹೆಸರು ಮಾತಿನಲ್ಲಿ ಉಳಿಯುತ್ತದೆ; ಅವನು ತಡವರಿಸಿದ ಗಳಿಗೆಯಲ್ಲಿ ಸ್ವರವನ್ನು ಎತ್ತಿಕೊಟ್ಟವನ ಉಪಕಾರವನ್ನು ಅವನೊಬ್ಬನೇ ಬಲ್ಲ. ಧ್ವನಿಮುದ್ರಿಕೆ ನಾದವನ್ನು ಹಿಡಿದೀತು. ಒಬ್ಬರು ಇನ್ನೊಬ್ಬರ ಮುಖ ನೋಡುವುದನ್ನು, ಜತೆಗಾರನ ಸಂಗತಿಗೆ ತಲೆದೂಗುವುದನ್ನು ಹಿಡಿಯಲಾರದು. ‘ವಾಣಿ’ಯ ಆ ಕೆಲವು ನಿಮಿಷಗಳ ಬೆಲೆ ಇರುವುದು ಇಲ್ಲಿ.

ಚೌಡಯ್ಯನವರು 1967ರ ಜನವರಿ 19ರಂದು ತೀರಿಕೊಂಡರು. ಜತೆಗಾರನಿಲ್ಲದೆ ಚೆಂಬೈಯವರು ಇನ್ನೂ ಏಳು ವರ್ಷ ಬಾಳಿ, 1974ರಲ್ಲಿ ಕಣ್ಮುಚ್ಚಿದರು. 1981ರಲ್ಲಿ ಮಣಿ ಅಯ್ಯರವರೂ ಹೋದರು. ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲಿದೆ. ತಂತಿಗಳು ಅಲ್ಲಿಯೂ ಏಳೇ. ಒಳಗೆ ವೇದಿಕೆಯ ಮೇಲೆ ಮಾತ್ರ ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿಗಳ ವಾದ್ಯ. ಈಗ ಧ್ವನಿವರ್ಧಕವಿದೆಯಲ್ಲ, ಹಿಂದಿನ ಸಾಲಿಗೂ ಎಲ್ಲವೂ ಕೇಳುತ್ತದೆ.