ನಿಮಗಿದು ಗೊತ್ತೆ? ಪಿಎಚ್‌.ಡಿ. ಪ್ರಬಂಧದಿಂದ ಪಂಚಾಯಿತಿ ಅಂಗಳಕ್ಕೆ

● ಕೇರಳದ ಹಣಕಾಸು ಸಚಿವರಾಗಿ ಹೆಸರಾದ ಟಿ.ಎಂ. ಥಾಮಸ್ ಐಸಾಕ್ ಮೂಲತಃ ಸಂಶೋಧಕರು. ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ಓದಿ, ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ ಸೇರಿದರು. ಅಲ್ಲಿ ಅವರು ಪಿಎಚ್‌.ಡಿ.ಗೆ ಆರಿಸಿಕೊಂಡ ವಿಷಯ ತೆಂಗಿನ ನಾರಿನ ನೇಯ್ಗೆ ಉದ್ಯಮ ಮತ್ತು ಕಾರ್ಮಿಕರ ಹೋರಾಟ.

● 1996ರಲ್ಲಿ ರಾಜ್ಯ ಯೋಜನಾ ಮಂಡಳಿಯ ಸದಸ್ಯರಾದರು. ಅದೇ ವರ್ಷ ಆಗಸ್ಟ್ 17ರಂದು ‘ಜನಕೀಯ ಆಸೂತ್ರಣಂ’, ಅಂದರೆ ಜನತಾ ಯೋಜನೆ ಆರಂಭವಾಯಿತು. ರಾಜ್ಯ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವ ತೀರ್ಮಾನವಾಯಿತು.

● ಈ ಯೋಜನೆಯಡಿ ಗ್ರಾಮಸಭೆಗೆ ಬಂದವರು ಕೃಷಿ, ಕುಡಿಯುವ ನೀರು, ಶಿಕ್ಷಣ, ಆರೋಗ್ಯ ಎಂದು ಗುಂಪುಗಳಾಗಿ ಕುಳಿತು ಊರಿನ ಬೇಡಿಕೆಗಳನ್ನು ಚರ್ಚಿಸಿ ಪಟ್ಟಿ ಮಾಡುತ್ತಿದ್ದರು.

● ಈ ಪ್ರಯೋಗದ ಬಗ್ಗೆ ಐಸಾಕ್ ಮತ್ತು ಅಮೆರಿಕದ ಮಾನವಶಾಸ್ತ್ರಜ್ಞ ರಿಚರ್ಡ್ ಫ್ರಾಂಕಿ ಜೊತೆಗೂಡಿ ಬರೆದ ಪುಸ್ತಕ 2000ದಲ್ಲಿ ಪ್ರಕಟವಾಯಿತು.

● ಕೇರಳದ ಹಳ್ಳಿಗಳಲ್ಲಿ ಪ್ರತಿ ವಾರ್ಡಿನ ಮತದಾರರೆಲ್ಲ ಸೇರಿದರೆ ಅದೇ ಗ್ರಾಮಸಭೆ. ಕಾಸರಗೋಡಿನ ಕನ್ನಡಿಗರಿಗೂ ಇದೇ ವ್ಯವಸ್ಥೆ.

● ಕೇರಳದ ಈ ಪ್ರಯೋಗಕ್ಕೂ ಮೊದಲೇ ಕರ್ನಾಟಕ ದಾರಿ ತೋರಿತ್ತು. ‘ನೀರ್ ಸಾಬ್’ ಎಂದೇ ಜನ ಕರೆದ, ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಶ್ರಮದಿಂದ ಬಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25 ಮೀಸಲಾತಿಯೂ ಸಿಕ್ಕಿತು.

● ವಿದ್ವಾಂಸರು ದಾರಿ ಹೇಳಬಲ್ಲರು, ನಡೆಯಬೇಕಾದವರು ನಾವೇ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ, ಮಾತಾಡಿ.