ಮಗ್ಗದ ಮನೆಯಲ್ಲೊಂದು ಓದುವ ಮೂಲೆ

‘ಮನೆ ಚಿಕ್ಕದಾದರೇನು, ಮನಸ್ಸು ದೊಡ್ಡದಿದ್ದರೆ ಸಾಕು’ ಎಂಬ ಮಾತು ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಎಸ್ಸೆಸ್ಸೆಲ್ಸಿ ಓದುತ್ತಿರುವ ಹುಡುಗಿಗೆ ಪುಸ್ತಕ ಬಿಡಿಸಲು ಎರಡು ಅಡಿ ಜಾಗ ಸಿಗದಿದ್ದರೆ, ಮನೆಯವರ ಮನಸ್ಸು ಎಷ್ಟೇ ದೊಡ್ಡದಿದ್ದರೂ ಅದರ ಮೇಲೆ ಕುಳಿತು ಬೀಜಗಣಿತ ಮಾಡಲಾಗುವುದಿಲ್ಲ!

ಗಜೇಂದ್ರಗಡದ ನೇಕಾರರ ಓಣಿಗಳನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮೇಲೆ ಕೋಟೆಯ ಗುಡ್ಡ, ಈಗ ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು. ಕೆಳಗೆ ಒಂದಕ್ಕೊಂದು ಗೋಡೆ ಹಚ್ಚಿ ನಿಂತ ಮನೆಗಳು. ಇಲ್ಲಿ ನೇಯುವ ಹತ್ತಿ ಸೀರೆಗೆ ‘ಪಟ್ಟೇದ ಅಂಚು’ ಎಂದು ಹೆಸರು. ಮೈತುಂಬ ಚೌಕಡಿ, ಅಗಲವಾದ ಒಂದೇ ಬಣ್ಣದ ಅಂಚು. ಒಳಗೆ ಹೊರಗೆ ಎಂಬ ಭೇದವಿಲ್ಲದೆ ಎರಡೂ ಬದಿಯಿಂದ ಉಡಬಹುದಾದ ಸೀರೆ. ಅದನ್ನು ನೇಯುವ ಕೈಮಗ್ಗ ಕಾರ್ಖಾನೆಯಲ್ಲಿಲ್ಲ, ಮನೆಯಲ್ಲಿದೆ. ಉಣ್ಣುವುದು, ಮಲಗುವುದು, ದುಡಿಯುವುದು, ಓದುವುದು ಎಲ್ಲ ಒಂದೇ ಸೂರಿನಡಿ.

ನಾನು ಪಾಠ ಹೇಳಿ ನಿವೃತ್ತಳಾದವಳು. ಎರಡು ವರ್ಷದ ಹಿಂದೆ ನಮ್ಮ ಓಣಿಯ ಇಂಥ ಒಂದು ಮನೆಗೆ ಹೋಗಿದ್ದೆ. ಹತ್ತು ಅಡಿ ಅಗಲ, ಇಪ್ಪತ್ತೆಂಟು ಅಡಿ ಉದ್ದ. ಮುಂದೆ ಹನ್ನೆರಡು ಅಡಿಯ ಪಡಸಾಲೆ, ಅದರ ಅರ್ಧಭಾಗ ಮಗ್ಗಕ್ಕೆ. ನಡುವೆ ಒಂಬತ್ತು ಅಡಿಯ ನಡುಮನೆ. ಹಿಂದೆ ಅಡುಗೆಮನೆ, ಅದಕ್ಕೇ ಹೊಂದಿ ಬಚ್ಚಲು. ಒಟ್ಟು 280 ಚದರ ಅಡಿ. ಅದರಲ್ಲಿ ಐದು ಜನ. ಇದೇನು ಅಪರೂಪದ ಸಣ್ಣ ಮನೆ ಎಂದುಕೊಳ್ಳಬೇಡಿ. 2016ರಿಂದ ಹಳ್ಳಿಗಳಲ್ಲಿ ಕಟ್ಟುತ್ತಿರುವ ಪ್ರಧಾನಮಂತ್ರಿ ಆವಾಸ್ ಮನೆಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಅಡುಗೆಯ ಜಾಗವೂ ಅದರಲ್ಲೇ ಬಂತು.

‘ಮಗ್ಗ ತಗದ್ ಬಿಡೂಣಂತ ಮಾಡೇನ್ರಿ ಅಕ್ಕಾರ. ಹುಡುಗಿ ಹತ್ತನೇತ್ತೆಗೆ ಬಂದಾಳ, ಕುಂತು ಓದಾಕ ಜಾಗಾ ಇಲ್ಲ’ ಎಂದ ಅಪ್ಪ.

ಒಳಗಿನಿಂದ ಅಜ್ಜಿ ಕೂಗಿದರು: ‘ಮಗ್ಗ ತಗದು ಉಣ್ಣೂದೇನು ತಮ್ಮಾ? ಟೇಬಲ್ ಕಡಕೊಂಡು ತಿನ್ನೂದೇನು?’

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಮಗ್ಗವನ್ನು ಕಿತ್ತು ಮೂಲೆಗೆ ಸರಿಸಲೂ ಬರುವುದಿಲ್ಲ. ನೆಲದಲ್ಲಿ ಕುಣಿ ತೋಡಿ, ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಕೂರುವ ಹಾಗೆ ಹೂಡಿದ ಮಗ್ಗ ಅದು. ನೂಲು ನೆಲಕ್ಕೆ ಹತ್ತಿರವಿದ್ದು ಮಣ್ಣಿನ ತಂಪು ತಾಗುವುದರಿಂದ ಹತ್ತಿಯ ಎಳೆ ಕಡಿಯುವುದು ಕಡಿಮೆ. ನಮ್ಮಂಥ ಒಣಹವೆಯ ಸೀಮೆಯಲ್ಲಿ ಇದು ದೊಡ್ಡ ಅನುಕೂಲ. ಬಾಗಿಲ ಹತ್ತಿರದ ಒಳ್ಳೆಯ ಬೆಳಕೂ ಅದಕ್ಕೇ ಬೇಕು, ಎಳೆ ಕಡಿದದ್ದು ಕಣ್ಣಿಗೆ ಕಾಣಬೇಕಲ್ಲ!

ಹುಡುಗಿಯನ್ನು ಕೇಳಿದೆ. ಅವಳು ಹೇಳಿದ್ದು ಇಷ್ಟೆ: ‘ನನಗ ಮಗ್ಗದ ಜಾಗಾ ಬ್ಯಾಡ್ರೀ ಟೀಚರ್. ಒಂದು ಗ್ವಾಡಿ ಸಾಕು.’

ಒಂದು ಗೋಡೆ! ಸಣ್ಣ ಮನೆಯ ಬಗ್ಗೆ ಪುಸ್ತಕ ಬರೆಯುವವರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ನೆಲ ತೀರಿದಾಗ ಉಳಿಯುವುದು ಗೋಡೆಯೇ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು.

<b>ಗೋಡೆ ತಿಂದ ಕಪಾಟು</b>

ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ಗುಡ್ಡದ ಕಲ್ಲಿನಲ್ಲಿ ಕಟ್ಟಿದ ಎರಡಡಿ ದಪ್ಪದ ಗೋಡೆ. ಅದರಲ್ಲೇ ಕೊರೆದ ಮಾಡಗಳು. ಒಂದರಲ್ಲಿ ದೀಪ, ಒಂದರಲ್ಲಿ ಕನ್ನಡಿ ಹಣಿಗೆ, ಒಂದರಲ್ಲಿ ಮಕ್ಕಳ ಪಾಟಿ ಪುಸ್ತಕ. ಬಟ್ಟೆ ನೇತುಹಾಕಲು ಗೋಡೆಗೆ ಬಡಿದ ಗಿಳಿಗೂಟ. ಜಂತಿಯಿಂದ ಇಳಿಬಿದ್ದ ನೆಲುವಿನಲ್ಲಿ ಬೆಕ್ಕಿಗೆ ಸಿಗದ ಹಾಗೆ ಹಾಲು ಮೊಸರು. ನೆಲದ ಮೇಲೆ ಕಾಲೂರಿ ನಿಂತ ಸಾಮಾನು ಬಹಳ ಕಡಿಮೆ.

ಈಗ ನಾವೇನು ಮಾಡಿದ್ದೇವೆ? ಹಳೆ ಗೋಡೆ ಕೆಡವಿ ಆರಿಂಚಿನ ಸಿಮೆಂಟ್ ಇಟ್ಟಿಗೆಯ ಗೋಡೆ ಎಬ್ಬಿಸುತ್ತೇವೆ. ಎರಡೂ ಬದಿ ಸೇರಿ ಮೂರಡಿ ಜಾಗ ಗೆದ್ದೆವೆಂದು ಖುಷಿ. ಗೋಡೆ ತೆಳುವಾದ್ದರಿಂದ ಮಾಡ ಹೋಯಿತು. ಮಾಡ ಹೋದದ್ದರಿಂದ ಒಂದೂವರೆ ಅಡಿ ಆಳದ ಕಬ್ಬಿಣದ ಕಪಾಟು ಬಂತು. ಎದುರು ಗೋಡೆಗೆ ಅಷ್ಟೇ ಆಳದ ಶೋಕೇಸ್ ಬಂತು. ಗೆದ್ದ ಮೂರಡಿ ಹೋಯಿತು!

ಇನ್ನು ಸೋಫಾ. ಮದುವೆಯಲ್ಲಿ ಬಂದದ್ದೋ, ಪಕ್ಕದ ಮನೆಯವರು ತಂದರೆಂದು ತಂದದ್ದೋ. ಒಮ್ಮೆ ಲೆಕ್ಕ ಹಾಕಿ ನೋಡಿ. ಏಳನೇ ತರಗತಿಯ ಮಕ್ಕಳೂ ಮಾಡುವ ಕ್ಷೇತ್ರಫಲದ ಲೆಕ್ಕ. ಮೂವರು ಕೂರುವ ಸೋಫಾ ಆರಡಿ ಉದ್ದ, ಎರಡೂವರೆ ಅಡಿ ಅಗಲ: 15 ಚದರ ಅಡಿ. ಒಬ್ಬೊಬ್ಬರ ಎರಡು ಕುರ್ಚಿ: ಹನ್ನೆರಡೂವರೆ. ನಡುವೆ ಟೀಪಾಯಿ: ನಾಲ್ಕೂವರೆ. ಒಟ್ಟು 32. ಹತ್ತು-ಹನ್ನೆರಡರ ಪಡಸಾಲೆಯ ಕಾಲು ಭಾಗಕ್ಕೂ ಹೆಚ್ಚು. ಅದರ ಮೇಲೆ ಕೂರುವವರ ಕಾಲು ಚಾಚಲು ಬೇಕಾದ ಜಾಗ ಬೇರೆ. ವರ್ಷಕ್ಕೆ ನಾಲ್ಕು ಸಲ ಬರುವ ಬೀಗರಿಗಾಗಿ ದಿನವೂ ಮನೆಯಲ್ಲಿರುವ ಮಕ್ಕಳ ಜಾಗ ಕೊಟ್ಟಂತಾಯಿತು. ನವಲಗುಂದದ ಜಮಖಾನೆ ನಮ್ಮ ನೆರೆಯ ಜಿಲ್ಲೆಯದೇ. ಬೀಗರು ಬಂದಾಗ ಹಾಸಿ, ಹೋದ ಮೇಲೆ ಸುತ್ತಿ ಮೂಲೆಗೆ ನಿಲ್ಲಿಸಬಹುದು. ಅದರ ಮೇಲೆ ಕುಳಿತ ಬೀಗರಿಗೆ ಮರ್ಯಾದೆ ಕಡಿಮೆಯಾದದ್ದನ್ನು ನಾನು ಕಂಡಿಲ್ಲ.

ಹಾಸಿಗೆಯ ವಿಷಯವೂ ಹೀಗೆಯೇ. ಮಂಚ ಇಪ್ಪತ್ತನಾಲ್ಕು ತಾಸು ಜಾಗ ಹಿಡಿಯುತ್ತದೆ, ನಾವು ಮಲಗುವುದು ಎಂಟೇ ತಾಸು. ಜಪಾನಿನಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ನೆಲದ ಚಾಪೆಯ ಮೇಲೆ ಹಾಸಿಗೆ ಹಾಸಿ, ಬೆಳಗ್ಗೆ ಮಡಚಿ ಗೋಡೆಯ ಕಪಾಟಿಗೆ ಸೇರಿಸುತ್ತಾರೆ. ನಮ್ಮ ಕೌದಿಗಳ ಮನೆಯಲ್ಲಿ ಇದು ಹೊಸ ಪಾಠವೇನಲ್ಲ. ಆದರೆ ಮೊಣಕಾಲು ನೋವಿನ ಅಜ್ಜಿಯಿದ್ದರೆ ಅವರಿಗೊಂದು ಮಂಚ ಬೇಕೇ ಬೇಕು. ಅದರ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ಕೆಳಗೆ ಎರಡು ಟ್ರಂಕು ಹಿಡಿಯುತ್ತವೆ. ಇಟ್ಟಿಗೆ ಅಲುಗದಂತೆ ನೋಡಿಕೊಳ್ಳಿ, ಅಜ್ಜಿಯ ಕಾಲು ನೆಲಕ್ಕೆ ತಾಗುವಷ್ಟೇ ಎತ್ತರಿಸಿ.

ಚಂಡೀಗಡ ನಗರದ ವಿನ್ಯಾಸ ಮಾಡಿದ ಲೆ ಕಾರ್ಬೂಸಿಯೆ ಹೆಸರನ್ನು ವಿದ್ಯಾರ್ಥಿಗಳು ಕೇಳಿರಬಹುದು. ದೊಡ್ಡ ದೊಡ್ಡ ಕಟ್ಟಡ ಕಟ್ಟಿದ ಆತ ತನಗೆಂದು 1952ರ ಹೊತ್ತಿಗೆ ಫ್ರಾನ್ಸಿನ ಕಡಲ ದಂಡೆಯಲ್ಲಿ ಮರದ ಒಂದು ಗುಡಿಸಲು ಮಾಡಿಕೊಂಡ. ಅದು ಹನ್ನೆರಡಡಿಗೆ ಹನ್ನೆರಡಡಿ, ಅಷ್ಟೆ. ಮಲಗುವ, ಬರೆಯುವ ಜಾಗವೆಲ್ಲ ಅದರಲ್ಲೇ. ಆದರೆ ಒಂದು ಗುಟ್ಟು: ಅದರಲ್ಲಿ ಅಡುಗೆಮನೆ ಇರಲಿಲ್ಲ. ಊಟ ಪಕ್ಕದ ಹೋಟೆಲಿನಲ್ಲಿ! ನಮ್ಮ ಅವ್ವಂದಿರನ್ನು ಕೇಳಿದರೆ ‘ಹಂಗಾದ್ರ ನಾವೂ ಹನ್ನೆರಡಡಿಯೊಳಗ ಸಂಸಾರ ಮಾಡ್ತೇವಿ’ ಎಂದಾರು.

<b>ಬೆಳಕಿಂಡಿ ಮುಚ್ಚಿದ ತಪ್ಪು</b>

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ನಮ್ಮ ತವರಿನ ಮಣ್ಣಿನ ಮಾಳಿಗೆಯಲ್ಲಿ ನಡುಮನೆಗೆ ಬೆಳಕಿಂಡಿ ಇತ್ತು. ಮಧ್ಯಾಹ್ನ ಒಂದು ಬಿಸಿಲ ಕೋಲು ಇಳಿದು ನೆಲದ ಮೇಲೆ ನಿಧಾನ ಸರಿಯುತ್ತಿತ್ತು. ಅದು ಎಲ್ಲಿಗೆ ಬಂತೆಂದು ನೋಡಿ ಅವ್ವ ರೊಟ್ಟಿ ಬಡಿಯಲು ಏಳುತ್ತಿದ್ದಳು. ನಾನು ನನ್ನ ಮನೆಗೆ ಸ್ಲ್ಯಾಬ್ ಹಾಕಿಸುವಾಗ ಮಳೆ ಸೋರೀತು, ಮಂಗ ಇಳಿದೀತು ಎಂದು ಹೆದರಿ ಬೆಳಕಿಂಡಿಯೇ ಬೇಡವೆಂದೆ. ಅಂದಿನಿಂದ ನಡುಮನೆಯಲ್ಲಿ ಹಾಡಹಗಲೂ ಟ್ಯೂಬ್‌ಲೈಟು. ಯಾರನ್ನು ದೂರಲಿ?

ಎರಡೂ ಬದಿ ನೆರೆಮನೆಯ ಗೋಡೆ ಇರುವಾಗ ನಡುಕೋಣೆಗೆ ಕಿಟಕಿ ಇಡಲು ಬರುವುದಿಲ್ಲ. ನಮ್ಮಂಥ ಬಿಸಿಲಿನ ಒಣ ಸೀಮೆಯಲ್ಲಿ ಕೋಣೆಯ ನೆಲದ ಹತ್ತರಲ್ಲೊಂದು ಭಾಗದಷ್ಟಾದರೂ ಕಿಟಕಿ ತೆರಪು ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 90 ಚದರ ಅಡಿಯ ನಡುಮನೆಗೆ 9 ಚದರ ಅಡಿ ಆಯಿತು. ಅಷ್ಟು ಎಲ್ಲಿಂದ ತರುವುದು? ಬೆಳಕಿಂಡಿ ಅಷ್ಟನ್ನು ಪೂರೈಸಲಾರದು ನಿಜ. ಆದರೆ ತಲೆಯ ಮೇಲಿಂದ ಬೀಳುವ ಬೆಳಕು ಅದೇ ಅಳತೆಯ ಕಿಟಕಿಯದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಅದೇ ಕಿಂಡಿಯಿಂದ ಹೊರಗೂ ಹೋಗುತ್ತದೆ. ಸುತ್ತ ಒಂದಡಿ ಕಟ್ಟೆ ಎಬ್ಬಿಸಿ, ಮೇಲೆ ದಪ್ಪ ಗಾಜು ಹೊದಿಸಿ, ಬದಿಗೆ ಜಾಳಿಗೆ ಬಿಟ್ಟರೆ ಮಳೆಯೂ ಬರದು, ಮಂಗವೂ ಬಾರದು. ಹೊಸದಾಗಿ ಸ್ಲ್ಯಾಬ್ ಹಾಕಿಸುವವರು ಸೆಂಟ್ರಿಂಗ್ ಬಡಿಯುವ ಮೊದಲೇ ಇದನ್ನು ಗೌಂಡಿಗೆ ಹೇಳಿ. ಆಮೇಲೆ ಒಡೆಸುವುದು ಕಷ್ಟ, ಅಪಾಯ ಕೂಡ.

ಸ್ಲ್ಯಾಬ್ ಮನೆಯ ಇನ್ನೊಂದು ಕಷ್ಟ ಸೆಕೆ. ಪರೀಕ್ಷೆ ಬರುವುದೇ ಮಾರ್ಚ್ ಏಪ್ರಿಲ್ ಬಿಸಿಲಿಗೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಮಕ್ಕಳು ಓದುವ ಹೊತ್ತಿಗೆ ಕಾವು ಕೆಳಗೆ ಬಿಡುತ್ತದೆ. ಶಿವರಾತ್ರಿ ಮುಗಿಯುತ್ತಿದ್ದಂತೆ ಮಾಳಿಗೆ ಗುಡಿಸಿ, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟು ಬಳಿಯಿರಿ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಬಿಸಿಲಿಗೆ ಹೆಸರಾದ ಅಹಮದಾಬಾದಿನಲ್ಲಿ 2017ರಿಂದ ಬಡವರ ಮನೆಗಳ ಮಾಳಿಗೆಗೆ ಹೀಗೆ ಬಿಳಿ ಬಳಿಸುವ ಕೆಲಸವನ್ನು ನಗರಪಾಲಿಕೆಯೇ ಕೈಗೊಂಡಿತ್ತು.

ಒಳಗೂ ಅಷ್ಟೆ. ಚಾವಣಿಗೆ ಬಿಳಿ, ಗೋಡೆಗೆ ತಿಳಿ ಬಣ್ಣ. ಸಣ್ಣ ಕೋಣೆಗೆ ಗಾಢ ಹಸಿರು ಆಯಿಲ್ ಪೇಂಟ್ ಬಳಿದರೆ ಕೊಳೆ ಕಾಣಿಸುವುದಿಲ್ಲ ಎನ್ನುತ್ತಾರೆ. ಕೊಳೆಯಷ್ಟೇ ಅಲ್ಲ, ಪುಸ್ತಕದ ಅಕ್ಷರವೂ ಕಾಣಿಸುವುದಿಲ್ಲ! ಕೊಳೆಗೆ ಉಪಾಯ ನಮ್ಮ ಸಾರಣೆ ಕಾರಣೆಯಲ್ಲೇ ಇತ್ತು: ಮೇಲೆಲ್ಲ ಸುಣ್ಣ, ಕೈಕಾಲು ತಾಗುವ ಕೆಳಗಿನ ಎರಡಡಿಗೆ ಮಾತ್ರ ಕೆಮ್ಮಣ್ಣಿನ ಪಟ್ಟಿ. ಅಲಂಕಾರ ಎಂದರೆ ಅದೇ ಸಾಕು. ಒಂದೇ ಗೋಡೆಗೆ ಏಳು ಕ್ಯಾಲೆಂಡರು ತೂಗುಬಿಟ್ಟ ಮನೆಗಳನ್ನು ನೋಡಿದ್ದೇನೆ. ತಾರೀಖು ಮಾತ್ರ ಏಳರಲ್ಲೂ ಒಂದೇ.

<b>ಹಲಗೆ, ಸೀರೆ, ಬಲ್ಬು</b>

ಮತ್ತೆ ಆ ಹುಡುಗಿಯ ಗೋಡೆಗೆ ಬರೋಣ. ಅವರ ನಡುಮನೆಯಲ್ಲಿ ಬೆಳಕಿಂಡಿ ಇನ್ನೂ ಉಳಿದಿತ್ತು, ಜೇಡರ ಬಲೆ ಮುಚ್ಚಿತ್ತು ಅಷ್ಟೆ. ಮೊದಲು ಅದನ್ನು ಒರೆಸಿದರು. ಅದರ ಕೆಳಗಿನ ಗೋಡೆಗೆ ಆನಿಸಿಟ್ಟಿದ್ದ ಜೋಳದ ಚೀಲ, ಕಾಲು ಮುರಿದ ಕುರ್ಚಿ, ಯಾರೂ ಬಳಸದ ಎರಡು ಕೊಪ್ಪರಿಗೆ ಎಲ್ಲ ಅಟ್ಟಕ್ಕೋ ಮಾರಾಟಕ್ಕೋ ಹೋದವು. ಒಂದು ಇಡೀ ಭಾನುವಾರ ಮತ್ತು ಅಜ್ಜಿಯೊಡನೆ ಮೂರು ಜಗಳ ಬೇಕಾದವು.

ಹಳೆ ಬಾಗಿಲಿನ ಹಲಗೆಯೊಂದಿತ್ತು. ಬಡಿಗರು ಅದನ್ನು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ ಕೊಯ್ದು, ಉಜ್ಜಿ ನುಣುಪು ಮಾಡಿ, ಬಿಜಾಗರಿ ಹಚ್ಚಿ ಗೋಡೆಗೆ ಕೂರಿಸಿದರು. ಎರಡೂ ತುದಿಗೆ ಸರಪಳಿ. ಬೇಕಾದಾಗ ಬಿಚ್ಚಿದರೆ ಮೇಜು, ಬೇಡವಾದಾಗ ಮಡಚಿದರೆ ಗೋಡೆ. ಎತ್ತರ ನೆಲದಿಂದ ಹನ್ನೊಂದು ಇಂಚು, ಏಕೆಂದರೆ ಹುಡುಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಯೇ ಕೂರುವುದು. ಹಿಂದೆ ಅಂಗಡಿಯ ಗುಮಾಸ್ತರು ಇಂಥದೇ ಗಿಡ್ಡ ಡೆಸ್ಕಿನ ಮುಂದೆ ಕುಳಿತು ಕೀರ್ದಿ ಖಾತೆ ಬರೆಯುತ್ತಿದ್ದರು. ಕುರ್ಚಿ ಹಾಕುವವರಾದರೆ ಇಪ್ಪತ್ತೆಂಟು ಇಂಚು ಎತ್ತರ ಇಡಿ. ಬಾಡಿಗೆ ಮನೆಯವರು ಗೋಡೆ ಕೊರೆಯುವಂತಿಲ್ಲವಾದರೆ ಇದೇ ಅಳತೆಯ ಬಿಡಿ ಡೆಸ್ಕು ಮಾಡಿಸಿ ಮಂಚದಡಿ ತಳ್ಳಬಹುದು.

ರಾತ್ರಿಗೆ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬನ್ನು ಹಲಗೆಯ ಮೇಲೆ ಎಡಬದಿಗೆ ಇಳಿಬಿಟ್ಟರು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಎಡಗೈಯವರಿಗೆ ಬಲದಿಂದ. ನಡುಚಾವಣಿಯ ದೊಡ್ಡ ದೀಪಕ್ಕೆ ಬೆನ್ನು ಹಾಕಿ ತನ್ನದೇ ನೆರಳಿನಲ್ಲಿ ಓದುವ ಮಕ್ಕಳು ಎಷ್ಟಿಲ್ಲ!

ಇನ್ನು ಮರೆ. ನಡುಮನೆಯೆಂದರೆ ಎಲ್ಲರೂ ಅಡುಗೆಮನೆಗೆ ಹಾಯ್ದು ಹೋಗುವ ದಾರಿ. ಬಂದವರು ಹೋದವರೆಲ್ಲ ‘ಏನ್ ಓದಾಕತ್ತಿ?’ ಎನ್ನುವವರೇ. ಪ್ಲೈವುಡ್ ಗೋಡೆ ನಿಲ್ಲಿಸಿದರೆ ಬೆಳಕು ಗಾಳಿ ಎರಡೂ ಹೋದಾವು. ಕೊನೆಗೆ ತಾಯಿಯೇ ಟ್ರಂಕಿನಿಂದ ತನ್ನ ಹಳೆ ಪಟ್ಟೇದ ಅಂಚಿನ ಸೀರೆ ತೆಗೆದು, ಎರಡು ತುಂಡು ಮಾಡಿ, ತಂತಿಗೆ ಪೋಣಿಸಿ ಕಟ್ಟಿದಳು. ಸಾಸಿವೆ ಬಣ್ಣದ ಚೌಕಡಿ, ಕೆಂಪು ಅಂಚು. ಹತ್ತಿಯಾದ್ದರಿಂದ ಗಾಳಿ ಹಾಯುತ್ತದೆ, ಬೆಳಕು ಸೋಸಿ ಬರುತ್ತದೆ. ಎರಡೂ ಬದಿ ಒಂದೇ ಆದ್ದರಿಂದ ಆಚೆಯವರಿಗೂ ಈಚೆಯವರಿಗೂ ಕಾಣುವುದು ಸೀರೆಯ ಮುಖವೇ. ಪೇಟೆಯಲ್ಲಿ ಕೊಂಡ ಪರದೆಗೆ ಈ ಗುಣವಿಲ್ಲ.

ಮಗ್ಗ? ಅದು ಇದ್ದಲ್ಲೇ ಇದೆ. ಹಗಲು ಹುಡುಗಿ ಶಾಲೆಯಲ್ಲಿ, ಮಗ್ಗ ಕೆಲಸದಲ್ಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಲಾಳಿ ನಿಲ್ಲುತ್ತದೆ, ಹಲಗೆ ಇಳಿಯುತ್ತದೆ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಿದ್ದಾಗ ಈ ಸರದಿ ಸಾಧ್ಯವಿರಲಿಲ್ಲ. ಟೀಚರ ದನಿ, ಮಗ್ಗದ ಸದ್ದು ಎರಡೂ ಒಟ್ಟಿಗೇ ಕೇಳುತ್ತಿದ್ದವಂತೆ.

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ಪಡಸಾಲೆಯ ಟೀವಿಯ ದನಿಗೆ ಸೀರೆಯ ಪರದೆ ಏನೂ ಮಾಡುವುದಿಲ್ಲ. ಏಳರಿಂದ ಒಂಬತ್ತು ಟೀವಿ ಬಂದ್ ಎಂದು ಅಪ್ಪ ಕಟ್ಟಳೆ ಮಾಡಿದ, ಮೊದಲು ಮುರಿದವನೂ ಅವನೇ, ಕ್ರಿಕೆಟ್ ಇದ್ದ ದಿನ. ಈಗ ಹುಡುಗಿ ಒಂಬತ್ತಕ್ಕೆ ಮಲಗಿ ನಸುಕಿನ ನಾಲ್ಕೂವರೆಗೆ ಏಳುತ್ತಾಳೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರಿದ್ದಾಳೆ, ವಿಜ್ಞಾನ.

ಮೊನ್ನೆ ಮಧ್ಯಾಹ್ನ ಹೋದಾಗ ಹಲಗೆ ಇಳಿದೇ ಇತ್ತು. ಅದರ ಮುಂದೆ ಅಜ್ಜಿ ಕುಳಿತಿದ್ದರು. ಎಲೆಯಡಿಕೆ ಚೀಲ, ಅಡಕೊತ್ತು, ಸುಣ್ಣದ ಡಬ್ಬಿ ಸಾಲಾಗಿ ಹಲಗೆಯ ಮೇಲೆ.

‘ಆಕಿ ಬರೂದು ಐದಕ್ಕ, ಟೀಚರ್. ಅಲ್ಲೀಮಟ ನನ್ನ ಪಾಳಿ’ ಎಂದರು.